ದ್ವೀಪ ಯಾವುದು, ಖಂಡ ಯಾವುದು? ಉತ್ತರ ಇರುವುದು ನೀರಿನ ಕೆಳಗೆ

ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪ ಹೇಳಿಸುತ್ತಾರಲ್ಲ, ‘ಜಂಬೂದ್ವೀಪೇ ಭರತವರ್ಷೇ ಭರತಖಂಡೇ’ ಅಂತ, ಅದನ್ನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೇನೆ. ಅರ್ಥದ ಕಡೆ ಗಮನ ಹೋಗಿದ್ದು ಮಾತ್ರ ಇತ್ತೀಚೆಗೆ, ತಂಗಿಯ ಮನೆಯ ಗೃಹಪ್ರವೇಶದಲ್ಲಿ. ಅದು ನಮ್ಮ ವಿಳಾಸ. ದೊಡ್ಡದರಿಂದ ಶುರುವಾಗಿ ಚಿಕ್ಕದಕ್ಕೆ ಇಳಿಯುತ್ತದೆ. ಮೊದಲು ದ್ವೀಪ, ಅದರೊಳಗೆ ವರ್ಷ, ಅದರೊಳಗೆ ಖಂಡ, ಆಮೇಲೆ ನದಿಯ ದಡ. ಅಂದರೆ ಅಲ್ಲಿ ದ್ವೀಪವೇ ದೊಡ್ಡದು, ಖಂಡ ಅದರದೊಂದು ತುಂಡು. ಖಂಡ ಅನ್ನುವ ಪದದ ಅರ್ಥವೇ ತುಂಡು ಅಲ್ವಾ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕ ಬರೆಸಿದ ಶಾಸನದಲ್ಲೂ ಜಂಬೂದ್ವೀಪದ ಹೆಸರಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ, ನಮ್ಮದೇ ನೆಲದ ಬಂಡೆಯ ಮೇಲೆ, ಇಡೀ ದೊಡ್ಡ ನೆಲಕ್ಕೆ ದ್ವೀಪ ಅಂತಲೇ ಕರೆದಿದ್ದಾರೆ. ಶಾಲೆಯ ಭೂಗೋಳದಲ್ಲಿ ನಾವು ಕಲಿತದ್ದು ಇದರ ತಲೆಕೆಳಗು. ಖಂಡ ದೊಡ್ಡದು, ದ್ವೀಪ ಚಿಕ್ಕದು.

ಕರಾವಳಿಯಲ್ಲಿ ಇನ್ನೂ ಬೇರೆ ಪದಗಳಿವೆ. ಉಡುಪಿ, ಕುಂದಾಪುರದ ಕಡೆ ಹೊಳೆಯ ನಡುವಿನ ನೆಲ ‘ಕುದ್ರು’. ಹೊನ್ನಾವರದ ಕಡೆ ಹೋದರೆ ‘ಕುರ್ವೆ’, ಶರಾವತಿಯ ಮಾವಿನಕುರ್ವೆ ಇದೆಯಲ್ಲ ಹಾಗೆ. ತುಂಗಭದ್ರೆಯ ಮಗ್ಗುಲಿಗೆ ಬಂದರೆ ‘ಗಡ್ಡೆ’, ಹಂಪಿಯ ಎದುರಿನ ವಿರೂಪಾಪುರ ಗಡ್ಡೆ. ಈ ಯಾವ ಪದವೂ ಎಷ್ಟು ದೊಡ್ಡದು ಅಂತ ಕೇಳುವುದಿಲ್ಲ. ಸುತ್ತ ನೀರಿದೆಯಾ, ಅಷ್ಟೇ.

ಹಾಗಾದರೆ ಆಸ್ಟ್ರೇಲಿಯಾ? ಅದರ ಸುತ್ತಲೂ ನೀರೇ. ಆದರೂ ಅದು ಖಂಡ, ಗ್ರೀನ್‌ಲ್ಯಾಂಡ್ ದ್ವೀಪ. ಈ ಪ್ರಶ್ನೆ ಕೇಳದ ಮಗು ಇಲ್ಲ. ನಾವು ಕೊಡುವ ಉತ್ತರ ಒಂದೇ: ಆಸ್ಟ್ರೇಲಿಯಾ ಜಾಸ್ತಿ ದೊಡ್ಡದು. ನಿಜ, ಆಸ್ಟ್ರೇಲಿಯಾ ಸುಮಾರು 77 ಲಕ್ಷ ಚದರ ಕಿಲೋಮೀಟರ್, ಗ್ರೀನ್‌ಲ್ಯಾಂಡ್ ಸುಮಾರು 21.6 ಲಕ್ಷ. ಗೋಡೆಗೆ ನೇತುಹಾಕಿದ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುವುದು ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಎಳೆದದ್ದರ ಫಲ. ನಿಜಕ್ಕೂ ಆಫ್ರಿಕಾದೊಳಗೆ ಹದಿನಾಲ್ಕು ಗ್ರೀನ್‌ಲ್ಯಾಂಡ್ ಹಿಡಿಸುತ್ತವೆ. ಸರಿ, ಆದರೆ ಗೆರೆ ಎಲ್ಲಿ? 21 ಲಕ್ಷಕ್ಕೂ 77 ಲಕ್ಷಕ್ಕೂ ನಡುವೆ ಎಲ್ಲೋ ಒಂದು ಕಡೆ ಅಂತ ಸುಮ್ನೆ ಒಪ್ಪಿಕೊಂಡಿದ್ದೇವೆ. ಖಂಡಗಳ ಲೆಕ್ಕವೂ ಒಂದೇ ಥರ ಇಲ್ಲ. ನಾವು ಏಳು ಅಂತ ಓದಿದೆವು. ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿ ಎರಡೂ ಅಮೆರಿಕ ಸೇರಿಸಿ ಒಂದೇ ಖಂಡ ಅಂತ ಕಲಿಸುತ್ತಾರೆ. ಯುರೋಪ್ ಮತ್ತು ಏಷ್ಯಾ ನಡುವೆ ಸಮುದ್ರವೇ ಇಲ್ಲ, ಆದರೂ ಎರಡು ಖಂಡ.

ಗಾತ್ರದ ಪ್ರಶ್ನೆಯನ್ನೇ ಹಿಡಿದು ಕೂತರೆ ದಾರಿ ಸಿಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಕೇಳಬೇಕಾದ್ದು ಬುಡದಲ್ಲಿ ಏನಿದೆ ಅಂತ. ಇದು ಬರೀ ಪರೀಕ್ಷೆಯ ಪ್ರಶ್ನೆಯಾಗಿ ಉಳಿದಿಲ್ಲ. ಮೀನು, ತೈಲ, ಸಮುದ್ರತಳದ ಲೋಹ, ಯುದ್ಧನೌಕೆ ಓಡಾಡುವ ದಾರಿ, ಕೊನೆಗೆ ಒಂದು ದೇಶ ದೇಶವಾಗಿ ಉಳಿಯುತ್ತದೋ ಇಲ್ಲವೋ ಅನ್ನುವುದೂ ಈಗ ಈ ಪ್ರಶ್ನೆಯ ಮೇಲೆ ನಿಂತಿದೆ.

ಬುಡ ನೋಡಬೇಕಾದರೆ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಲಾಲ್‌ಬಾಗಿನ ಬಂಡೆ ಸಾಕು. ಕೆಂಪೇಗೌಡರ ಗೋಪುರ ನಿಂತಿದೆಯಲ್ಲ, ಬೆಳಗ್ಗೆ ವಾಕಿಂಗ್ ಬಂದವರು ಕೂತು ಬಿಸಿಲು ಕಾಯಿಸಿಕೊಳ್ಳುತ್ತಾರಲ್ಲ, ಅದೇ ಬಂಡೆ. ಬಗ್ಗಿ ಹತ್ತಿರದಿಂದ ನೋಡಿ. ಬಿಳಿ ಪಟ್ಟೆ, ಬೂದು ಪಟ್ಟೆ, ಮತ್ತೆ ಬಿಳಿ ಪಟ್ಟೆ. ಕೆಲವು ಕಡೆ ಪಟ್ಟೆಗಳು ಸೀರೆಯ ನೆರಿಗೆ ಹಾಗೆ ಬಾಗಿವೆ. ಇದು ನೈಸ್ ಅನ್ನುವ ಕಲ್ಲು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಇದಕ್ಕೆ ಪೆನಿನ್ಸುಲರ್ ನೈಸ್ ಅಂತ ಹೆಸರಿಟ್ಟರು. ವಯಸ್ಸು ಸುಮಾರು 300 ಕೋಟಿ ವರ್ಷ. ಖಂಡವನ್ನು ಕೈಯಲ್ಲಿ ಮುಟ್ಟಬೇಕು ಅಂದರೆ ಇದನ್ನು ಮುಟ್ಟಬಹುದು.

ಖಂಡದ ಕಲ್ಲು ಹಗುರ. ಗ್ರಾನೈಟ್, ನೈಸ್ ಜಾತಿಯವು ನೀರಿಗಿಂತ ಸುಮಾರು 2.7 ಪಟ್ಟು ತೂಕ. ಸಮುದ್ರತಳದ ಬಸಾಲ್ಟ್ ಅನ್ನುವ ಕಪ್ಪು ಕಲ್ಲು ಸುಮಾರು 3 ಪಟ್ಟು. ವ್ಯತ್ಯಾಸ ಇಷ್ಟೇನಾ ಅನ್ನಿಸಬಹುದು. ಆದರೆ ಎಲ್ಲ ಆಟ ಇಷ್ಟರಲ್ಲೇ ಇದೆ. ಹಗುರ ಕಲ್ಲು ಹಾಲಿನ ಮೇಲಿನ ಕೆನೆಯ ಹಾಗೆ ಮೇಲೆಯೇ ಉಳಿಯುತ್ತದೆ, ಒಳಗೆ ಮುಳುಗುವುದಿಲ್ಲ. ಆದ್ದರಿಂದಲೇ ಖಂಡದ ಕಲ್ಲು ಅಷ್ಟು ಹಳೆಯದು. ಸಮುದ್ರತಳ ಹಾಗಲ್ಲ. ಒಂದು ಕಡೆ ಬಿರುಕಿನಿಂದ ಹೊಸದಾಗಿ ಹುಟ್ಟಿ, ನಿಧಾನವಾಗಿ ಸರಿದು, ಇನ್ನೊಂದು ಕಡೆ ಭೂಮಿಯೊಳಗೆ ಇಳಿದು ಹೋಗುತ್ತದೆ. ಮಹಾಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಸಿಗುವುದು ಬಹಳ ಅಪರೂಪ. ದಪ್ಪದಲ್ಲೂ ಅಜಗಜಾಂತರ. ಖಂಡದ ತೊಗಟೆ ಸರಾಸರಿ 35ರಿಂದ 40 ಕಿಲೋಮೀಟರ್, ಸಮುದ್ರದ ತೊಗಟೆ ಸುಮಾರು 7.

ವಿಜಯಪುರದವರು, ಬೀದರಿನವರು ಇಲ್ಲಿ ತಕರಾರು ತೆಗೆಯಬಹುದು. ನಮ್ಮೂರಲ್ಲೂ ಕಪ್ಪು ಕಲ್ಲೇ ಇದೆಯಲ್ಲ, ನಾವೇನು ಸಮುದ್ರದ ತಳವಾ ಅಂತ. ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಕಾವಲಿಯ ಮೇಲೆ ದೋಸೆ ಹಿಟ್ಟು ಹೊಯ್ದ ಹಾಗೆ ಹಳೆಯ ಖಂಡದ ಮೇಲೆ ಹರಡಿ ಗಟ್ಟಿಯಾಗಿದೆ. ಕೆಳಗಿನ ಕಾವಲಿ ಖಂಡದ್ದೇ. ಹಾಗಾಗಿ ಮೇಲ್ಗಡೆ ಕಾಣುವ ಕಲ್ಲಿನ ಬಣ್ಣ ನೋಡಿ ತೀರ್ಮಾನ ಮಾಡುವಂತಿಲ್ಲ. ಕೆಳಗೆ ಇಳಿಯಲೇಬೇಕು.

ಈ ಕಣ್ಣಿಂದ ದ್ವೀಪಗಳನ್ನು ನೋಡಿದರೆ ಅವೆಲ್ಲ ಒಂದೇ ಜಾತಿ ಅಲ್ಲ ಅಂತ ಗೊತ್ತಾಗುತ್ತದೆ. ಶ್ರೀಲಂಕಾ ಭಾರತದ್ದೇ ತುಂಡು, ನಡುವೆ ಇರುವುದು ಆಳವಿಲ್ಲದ ನೀರು. ಹಿಮಯುಗದಲ್ಲಿ ಸಮುದ್ರ ತಗ್ಗಿದಾಗ ನಡೆದುಕೊಂಡೇ ಹೋಗಬಹುದಿತ್ತು. ಗ್ರೀನ್‌ಲ್ಯಾಂಡ್ ಉತ್ತರ ಅಮೆರಿಕದ ತುಂಡು. ಮಡಗಾಸ್ಕರ್, ಅಂದರೆ ಮೂರು ಕರ್ನಾಟಕದಷ್ಟು ದೊಡ್ಡ ದ್ವೀಪ, ಒಂದು ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಸೇಶೆಲ್ಸ್‌ನ ಮಾಹೆ ದ್ವೀಪ ಭೂಪಟದಲ್ಲಿ ಚುಕ್ಕಿ, ಆದರೆ ಅದರ ಗ್ರಾನೈಟಿಗೆ ಸುಮಾರು 75 ಕೋಟಿ ವರ್ಷ. ಅದೂ ಖಂಡದ ಚೂರೇ. ಹವಾಯಿ, ಐಸ್‌ಲ್ಯಾಂಡ್ ಬೇರೆ ಥರ. ಅವು ಸಮುದ್ರತಳದಿಂದ ಉಕ್ಕಿದ ಲಾವಾ. ಮಾರಿಷಸ್ ಕೂಡ ಹೀಗೆ ಉಕ್ಕಿದ್ದೇ, ಅದರ ಕಲ್ಲಿಗೆ ಒಂದು ಕೋಟಿ ವರ್ಷವೂ ಆಗಿಲ್ಲ. ಆದರೆ 2017ರಲ್ಲಿ ಆ ಎಳೆಯ ಕಲ್ಲಿನೊಳಗೆ 300 ಕೋಟಿ ವರ್ಷ ಹಳೆಯ ಜಿರ್ಕಾನ್ ಹರಳುಗಳು ಸಿಕ್ಕವು. ಲಾವಾ ಮೇಲೇರುವಾಗ ಕೆಳಗೆ ಹುದುಗಿದ್ದ ಯಾವುದೋ ಹಳೆಯ ಖಂಡದ ಚೂರನ್ನು ಕೆರೆದುಕೊಂಡು ಬಂದಿತ್ತು. ಮೂರನೇ ಜಾತಿ ಹವಳದ್ದು: ಲಕ್ಷದ್ವೀಪ, ಮಾಲ್ಡೀವ್ಸ್, ತುವಾಲು.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ತುಂಬಾ ಜನ ಇದ್ದೀರಿ. ಹಳಬರು ತೋನ್ಸೆಪಾರ್ ಅನ್ನುತ್ತಾರೆ. ಎಲ್ಲರೂ ಆ ಕಂಬಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಮುಂದಿನ ಸಲ ಹೋದಾಗ ಒಂದು ಕಂಬದ ತಲೆಯ ಮೇಲೆ ಬೆರಳಿಟ್ಟು ಮೂಲೆಗಳನ್ನು ಎಣಿಸಿ. ಐದು, ಆರು, ಕೆಲವು ಕಡೆ ಏಳು. ಕೆರೆ ಒಣಗಿದಾಗ ಕೆಸರು ಬಿರುಕು ಬಿಡುತ್ತದಲ್ಲ, ಲಾವಾ ತಣ್ಣಗಾಗುವಾಗಲೂ ಹಾಗೇ ಬಿರುಕು ಬಿಟ್ಟು ಆ ಬಿರುಕು ಕೆಳಗಿನವರೆಗೂ ಇಳಿಯಿತು, ಕಂಬಗಳಾದವು. ಸುಮಾರು 8.5ರಿಂದ 9 ಕೋಟಿ ವರ್ಷದ ಹಿಂದಿನ ಮಾತು. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದ ಹೊತ್ತು. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ. ಬಟ್ಟೆ ಹರಿದಾಗ ಅಂಚಿನಲ್ಲಿ ನೂಲು ಜೋತಾಡುತ್ತದಲ್ಲ, ನಮ್ಮ ತೋನ್ಸೆಪಾರ್ ಆ ಥರದ ನೂಲು. ಅರ್ಧ ದಿನದಲ್ಲಿ ಸುತ್ತಿ ಮುಗಿಸಬಹುದಾದ ಜಾಗದಲ್ಲಿ ಒಂದು ಖಂಡ ಎರಡಾದ ಗುರುತು ಇದೆ.

ಬುಡ ನೋಡಿ ಖಂಡ ಅನ್ನುವುದಾದರೆ, ಪೂರ್ತಿ ನೀರಲ್ಲಿ ಮುಳುಗಿದ್ದೂ ಖಂಡ ಆಗಬಹುದು ಅಲ್ವಾ? ಹೌದು, ಅಂಥದ್ದೊಂದು ಇದೆ. ನ್ಯೂಜಿಲ್ಯಾಂಡಿನ ಸುತ್ತಲಿನ ಸಮುದ್ರದ ಕೆಳಗೆ ಸುಮಾರು 49 ಲಕ್ಷ ಚದರ ಕಿಲೋಮೀಟರಿನ ನೆಲ ಹರಡಿದೆ. ಭಾರತದ ಒಂದೂವರೆ ಪಟ್ಟು. ಅದರ ಶೇ. 94 ಭಾಗ ನೀರಿನಡಿ. ಮೇಲೆ ತಲೆ ಎತ್ತಿರುವುದು ನ್ಯೂಜಿಲ್ಯಾಂಡ್, ನ್ಯೂ ಕ್ಯಾಲೆಡೋನಿಯಾ, ಇನ್ನು ಕೆಲವು ಚಿಕ್ಕ ದ್ವೀಪ. 1995ರಲ್ಲಿ ಭೂವಿಜ್ಞಾನಿ ಬ್ರೂಸ್ ಲುಯೆಂಡಿಕ್ ಇದಕ್ಕೆ ಜೀಲ್ಯಾಂಡಿಯಾ ಅಂತ ಹೆಸರು ಕೊಟ್ಟರು. 2017ರಲ್ಲಿ ನಿಕ್ ಮಾರ್ಟಿಮರ್ ಮತ್ತು ಜೊತೆಗಾರರು ಇದು ಖಂಡ ಅಂತ ವಾದ ಮಂಡಿಸಿದರು. ಅವರ ವಾದದ ಕ್ರಮ ನನಗೆ ಬಹಳ ಇಷ್ಟ. ಸುತ್ತಲಿನ ಸಮುದ್ರತಳಕ್ಕಿಂತ ಇದು ಎತ್ತರದಲ್ಲಿದೆಯಾ? ಇದೆ. ಗ್ರಾನೈಟ್ ಥರದ, ಖಂಡದಲ್ಲಿ ಸಿಗುವ ನಾನಾ ಬಗೆಯ ಕಲ್ಲು ಇದೆಯಾ? ಇದೆ. ತೊಗಟೆ ಸಮುದ್ರದ್ದಕ್ಕಿಂತ ದಪ್ಪವಾ? ಹೌದು, ಬೇರೆ ಖಂಡಗಳಷ್ಟಿಲ್ಲ, ಆದರೆ ದಪ್ಪವೇ. ಅಂಚು ಸ್ಪಷ್ಟವಾಗಿ, ವಿಸ್ತಾರ ಸಾಕಷ್ಟು ದೊಡ್ಡದಾಗಿ ಇದೆಯಾ? ಇದೆ. ಖಂಡ ಅನ್ನಿಸಿಕೊಳ್ಳಲು 10 ಲಕ್ಷ ಚದರ ಕಿಲೋಮೀಟರಾದರೂ ಬೇಕು ಅನ್ನುವ ಅಳತೆಯನ್ನೂ ಅವರೇ ಮುಂದಿಟ್ಟರು. ನೀರಿನ ಮೇಲೆ ಇರಲೇಬೇಕು ಅನ್ನುವ ಷರತ್ತನ್ನು ಮಾತ್ರ ಹಾಕಲಿಲ್ಲ. ಯಾಕೆ ಹಾಕಬೇಕು? ಸಮುದ್ರದ ಮಟ್ಟ ಏರುತ್ತದೆ, ಇಳಿಯುತ್ತದೆ. ಕಲ್ಲು ಬದಲಾಗುವುದಿಲ್ಲ.

ಇಷ್ಟು ಕೇಳಿದ ಮೇಲೆ ಇದೆಲ್ಲ ವಿಜ್ಞಾನಿಗಳ ಪಾಡು, ನಮಗೇನು ಅನ್ನಿಸಬಹುದು. ಆದರೆ ಇದರಲ್ಲಿ ಹಣವಿದೆ, ಅಧಿಕಾರವಿದೆ. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ 1982ರದ್ದು, ಜಾರಿಗೆ ಬಂದದ್ದು 1994ರಲ್ಲಿ. ಅದರ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದೂರದವರೆಗೆ ಆ ದೇಶದ್ದೇ ಆಳ್ವಿಕೆ. 200 ನಾಟಿಕಲ್ ಮೈಲಿ, ಸುಮಾರು 370 ಕಿಲೋಮೀಟರ್ ವರೆಗೆ ಮೀನು, ತೈಲ, ಖನಿಜ ಎಲ್ಲದರ ಮೇಲೆ ಅದೇ ದೇಶದ ಹಕ್ಕು. ಇದನ್ನು ವಿಶೇಷ ಆರ್ಥಿಕ ವಲಯ ಅನ್ನುತ್ತಾರೆ. ಆಮೇಲೆ ಬರುತ್ತದೆ ಬುಡದ ಮಾತು. ನಮ್ಮ ನೆಲ ನೀರಿನ ಕೆಳಗೆ ಇನ್ನೂ ಮುಂದಕ್ಕೆ ಚಾಚಿಕೊಂಡಿದೆ ಅಂತ ಅಳತೆ, ಮಾದರಿ ಎಲ್ಲ ಕೊಟ್ಟು ತೋರಿಸಿದರೆ ಸಾಮಾನ್ಯವಾಗಿ 350 ನಾಟಿಕಲ್ ಮೈಲಿ ವರೆಗೆ ಸಮುದ್ರತಳದ ಹಕ್ಕು ಸಿಗಬಹುದು. ನ್ಯೂಜಿಲ್ಯಾಂಡ್ ಮಾಡಿದ್ದು ಇದನ್ನೇ. 2008ರಲ್ಲಿ ವಿಶ್ವಸಂಸ್ಥೆಯ ಆಯೋಗ ಅದರ ವಾದ ಒಪ್ಪಿತು. 200 ಮೈಲಿಯ ಆಚೆ ಸುಮಾರು 17 ಲಕ್ಷ ಚದರ ಕಿಲೋಮೀಟರ್ ಸಮುದ್ರತಳ ಅದಕ್ಕೆ ಸೇರಿತು. ಆ ದೇಶದ ಒಣ ನೆಲ ಮೂರು ಲಕ್ಷ ಚದರ ಕಿಲೋಮೀಟರೂ ಇಲ್ಲ. ಮುಳುಗಿದ ಖಂಡವೊಂದು ಬುಡದಲ್ಲಿ ಇದ್ದುದರ ಲಾಭ ಅದು.

ಗ್ರೀನ್‌ಲ್ಯಾಂಡಿನ ಸುದ್ದಿಯಲ್ಲೂ ಇದೇ ಬುಡ ಅಡಗಿದೆ. ಅಮೆರಿಕದ ಅಧ್ಯಕ್ಷ ಟ್ರಂಪ್ 2019ರಲ್ಲಿ ಅದನ್ನು ಕೊಳ್ಳುವ ಮಾತಾಡಿದರು, 2025ರಲ್ಲಿ ಮತ್ತೆ ಜೋರಾಗಿ ಶುರು ಮಾಡಿದರು. ಐದು ಭಾಗಗಳಲ್ಲಿ ನಾಲ್ಕು ಭಾಗ ಮಂಜುಗಡ್ಡೆ ಹೊದ್ದಿರುವ, 57 ಸಾವಿರದಷ್ಟು ಜನ ಇರುವ ನೆಲ ಯಾಕೆ ಬೇಕು? ಖನಿಜ, ಸೇನಾನೆಲೆ ಅಂತ ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಅದರ ಜೊತೆ ಇನ್ನೊಂದಿದೆ. ಉತ್ತರ ಧ್ರುವದ ನೀರಿನಡಿಯಲ್ಲಿ ಲೊಮೊನೊಸೊವ್ ಅನ್ನುವ ಉದ್ದನೆಯ ಪರ್ವತಸಾಲು ಇದೆ, ಒಂದು ತುದಿ ಗ್ರೀನ್‌ಲ್ಯಾಂಡ್ ಮತ್ತು ಕೆನಡಾ ಕಡೆ, ಇನ್ನೊಂದು ತುದಿ ಸೈಬೀರಿಯಾ ಕಡೆ. ಅದು ಖಂಡದ ಕಲ್ಲು. ಯಾವ ದೇಶದ ನೆಲದ ಚಾಚು ಅನ್ನುವುದೇ ಜಗಳ. 2007ರಲ್ಲಿ ರಷ್ಯಾದವರು ಸಬ್‌ಮರ್ಸಿಬಲ್ ಅನ್ನುವ ಪುಟ್ಟ ಮುಳುಗುನೌಕೆಯಲ್ಲಿ 4 ಕಿಲೋಮೀಟರಿಗೂ ಆಳ ಇಳಿದು ಉತ್ತರ ಧ್ರುವದ ತಳದಲ್ಲಿ ಟೈಟಾನಿಯಂ ಬಾವುಟ ನೆಟ್ಟು ಬಂದರು. 2014ರಲ್ಲಿ ಡೆನ್ಮಾರ್ಕ್, ಗ್ರೀನ್‌ಲ್ಯಾಂಡಿನ ಹೆಸರಲ್ಲಿ ಧ್ರುವವನ್ನೂ ಸೇರಿಸಿ ಸುಮಾರು 8.95 ಲಕ್ಷ ಚದರ ಕಿಲೋಮೀಟರ್ ಕೇಳಿತು. 2019ರಲ್ಲಿ ಕೆನಡಾ ತನ್ನ ಅರ್ಜಿ ಹಾಕಿತು. ಗ್ರೀನ್‌ಲ್ಯಾಂಡ್ ಯಾರ ಜೊತೆ ಇರುತ್ತದೋ ಆ ಪರ್ವತಸಾಲಿನ ವಾದವೂ ಅವರ ಜೊತೆ ಹೋಗುತ್ತದೆ. ಅಲ್ಲಿನ ಜನ ಏನು ಬಯಸುತ್ತಾರೆ ಅನ್ನುವುದನ್ನು ಮೊದಲು ಕೇಳಬೇಕಿತ್ತು. ಅದು ಕೊನೆಗೆ ಬರುತ್ತಿರುವುದು ನನಗೆ ಸಂಕಟ ತರುವ ವಿಷಯ.

ಇನ್ನು ತೀರಾ ಚಿಕ್ಕವುಗಳ ಕಡೆ ಬರೋಣ. ಕಾನೂನಿನ ಪ್ರಕಾರ ದ್ವೀಪ ಅಂದರೆ ಏನು? ತಾನಾಗಿ ಉಂಟಾದ ನೆಲ ಇರಬೇಕು, ಸುತ್ತ ನೀರಿರಬೇಕು, ಉಬ್ಬರದ ಹೊತ್ತಲ್ಲೂ, ಕರಾವಳಿಯವರು ಭರತ ಅಂತಾರಲ್ಲ ಆ ಹೊತ್ತಲ್ಲೂ, ಮುಳುಗದೆ ಮೇಲಿರಬೇಕು. ಗಾತ್ರದ ಮಾತಿಲ್ಲ. ನಮ್ಮ ಕುದ್ರು, ಕುರ್ವೆಗಳ ಹಾಗೆ. ಆದರೆ ಇನ್ನೊಂದು ಸಾಲು ಸೇರಿಸಿದ್ದಾರೆ. ಮನುಷ್ಯರು ವಾಸ ಮಾಡಲು ಅಥವಾ ತನ್ನದೇ ಆರ್ಥಿಕ ಬದುಕು ನಡೆಸಲು ಆಗದ ‘ಬಂಡೆ’ಗೆ 12 ಮೈಲಿ ಮಾತ್ರ, 200 ಮೈಲಿ ಇಲ್ಲ. ಈ ಸಾಲಿನ ಬೆಲೆ ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಮಾಡಿ. ನಡುಸಮುದ್ರದಲ್ಲಿ ಒಂಟಿಯಾಗಿರುವ ಒಂದು ಚುಕ್ಕಿಯ ಸುತ್ತ 370 ಕಿಲೋಮೀಟರ್ ವೃತ್ತ ಎಳೆದರೆ 4.3 ಲಕ್ಷ ಚದರ ಕಿಲೋಮೀಟರ್ ಆಗುತ್ತದೆ. ಎರಡು ಕರ್ನಾಟಕಕ್ಕಿಂತ ಜಾಸ್ತಿ. ದ್ವೀಪವೋ ಬಂಡೆಯೋ ಅನ್ನುವ ಒಂದು ಪದದ ಮೇಲೆ ಅಷ್ಟು ಸಮುದ್ರ ನಿಂತಿದೆ.

ಜಪಾನಿನ ಒಕಿನೊತೊರಿಶಿಮಾ ಇದಕ್ಕೆ ಒಳ್ಳೆಯ ಉದಾಹರಣೆ. ಉಬ್ಬರದ ಹೊತ್ತಲ್ಲಿ ಅಲ್ಲಿ ನೀರಿನ ಮೇಲೆ ಉಳಿಯುವುದು ಮಂಚದಷ್ಟು ಅಗಲದ ಒಂದೆರಡು ಕಲ್ಲು ಮಾತ್ರ. ಅಲೆ ಹೊಡೆದು ಸವೆಯಬಾರದು ಅಂತ ಜಪಾನ್ ಸುತ್ತಲೂ ಕಾಂಕ್ರೀಟ್ ಕಟ್ಟಿದೆ. ಅದು ದ್ವೀಪ ಅಂತ ಜಪಾನ್, ಬಂಡೆ ಅಂತ ಚೀನಾ ಮತ್ತು ದಕ್ಷಿಣ ಕೊರಿಯಾ. ಆ ಚೀನಾವೇ ದಕ್ಷಿಣ ಚೀನಾ ಸಮುದ್ರದಲ್ಲಿ ದಿಬ್ಬಗಳ ಮೇಲೆ ಮರಳು ಸುರಿದು ರನ್‌ವೇ ಕಟ್ಟಿತು. 2016ರ ಜುಲೈ 12ರಂದು, ಫಿಲಿಪ್ಪೀನ್ಸ್ ಹಾಕಿದ ದಾವೆಯಲ್ಲಿ, ಅಂತರರಾಷ್ಟ್ರೀಯ ನ್ಯಾಯಮಂಡಳಿ ಕೊಟ್ಟ ತೀರ್ಪು ಬಹಳ ಕಟ್ಟುನಿಟ್ಟು. ಅಲ್ಲಿನ ಸ್ಪ್ರಾಟ್ಲಿ ದ್ವೀಪಸಮೂಹದಲ್ಲಿ ತಾನಾಗಿ ಉಂಟಾದವುಗಳ ಪೈಕಿ ಎಲ್ಲಕ್ಕಿಂತ ದೊಡ್ಡದಾದ ಇಟು ಅಬಾ ಕೂಡ ಕಾನೂನಿನ ಕಣ್ಣಲ್ಲಿ ಬಂಡೆಯೇ ಅಂತ ಹೇಳಿತು. ಅಲ್ಲಿ ಮರ ಇದೆ, ಬಾವಿ ಇದೆ, ತೈವಾನಿನ ಸಿಬ್ಬಂದಿ ಇದ್ದಾರೆ. ಆದರೆ ಹೊರಗಿಂದ ಸಾಮಾನು ತಂದು ಇಟ್ಟುಕೊಂಡ ಸಿಬ್ಬಂದಿ ಬೇರೆ, ಆ ನೆಲದ ಬಲದ ಮೇಲೆ ಬದುಕುವ ಜನ ಬೇರೆ. ಮರಳು ಸುರಿದು ಎತ್ತರಿಸಿದ್ದಕ್ಕಂತೂ ಏನೂ ಸಿಗುವುದಿಲ್ಲ. ಚೀನಾ ಈ ತೀರ್ಪು ಒಪ್ಪಿಲ್ಲ.

ನಮ್ಮ ದೇಶಕ್ಕೂ ಇಂಥ ಒಂದು ಕಥೆ ಇದೆ. 1970ರ ನವೆಂಬರಿನ ಭೋಲಾ ಚಂಡಮಾರುತದ ಬಳಿಕ ಬಂಗಾಳ ಕೊಲ್ಲಿಯಲ್ಲಿ, ಹರಿಯಾಭಂಗಾ ನದಿ ಸಮುದ್ರ ಸೇರುವ ಕಡೆ, ಒಂದು ಮಣ್ಣಿನ ದಿಬ್ಬ ಎದ್ದಿತು. ನಾವು ನ್ಯೂ ಮೂರ್ ಅಂದೆವು, ಬಾಂಗ್ಲಾದೇಶ ದಕ್ಷಿಣ ತಾಲಪಟ್ಟಿ ಅಂದಿತು. 1981ರಲ್ಲಿ ನಮ್ಮವರು ಅಲ್ಲಿ ಬಾವುಟ ಹಾರಿಸಿದರು. ದಶಕಗಳ ಕಾಲ ಎಳೆದಾಟ. 2010ರ ಹೊತ್ತಿಗೆ ಆ ದಿಬ್ಬ ಪೂರ್ತಿ ಮುಳುಗಿದೆ ಅಂತ ಜಾದವ್‌ಪುರ ವಿಶ್ವವಿದ್ಯಾಲಯದ ವಿಜ್ಞಾನಿಗಳು ತಿಳಿಸಿದರು. 2014ರ ಜುಲೈನಲ್ಲಿ ಹೇಗ್‌ನ ನ್ಯಾಯಮಂಡಳಿ ಗಡಿ ಎಳೆದು, ವಿವಾದದಲ್ಲಿದ್ದ ಸುಮಾರು 25,600 ಚದರ ಕಿಲೋಮೀಟರಿನಲ್ಲಿ 19,467 ಚದರ ಕಿಲೋಮೀಟರ್ ಬಾಂಗ್ಲಾದೇಶಕ್ಕೆ ಕೊಟ್ಟಿತು. ಎರಡೂ ದೇಶ ಒಪ್ಪಿಕೊಂಡವು. ಇದನ್ನು ನಾನು ಸೋಲು ಅಂತ ಎಣಿಸುವುದಿಲ್ಲ. ಜಗಳ ಮುಗಿಸಿಕೊಂಡ ರೀತಿ ಹೆಮ್ಮೆಯದ್ದೇ.

ಈಗ ಹವಳದ ದ್ವೀಪಗಳ ವಿಚಾರ. ನನ್ನ ಮನಸ್ಸು ಜಾಸ್ತಿ ನೋಯುವುದು ಇಲ್ಲಿ. ಹವಳದ ದ್ವೀಪ ಹೇಗಾಗುತ್ತದೆ ಅಂತ ಮೊದಲು ಸರಿಯಾಗಿ ಹೇಳಿದವನು ಡಾರ್ವಿನ್, 1842ರಲ್ಲಿ. ಸಮುದ್ರದಲ್ಲಿ ಜ್ವಾಲಾಮುಖಿಯೊಂದು ಏಳುತ್ತದೆ. ಅದರ ಅಂಚಿನ ಸುತ್ತ ಹವಳ ಬೆಳೆಯುತ್ತದೆ. ಜ್ವಾಲಾಮುಖಿ ಆರಿ, ನಿಧಾನವಾಗಿ ಕೆಳಗೆ ಕುಸಿಯುತ್ತದೆ. ಹವಳ ಮಾತ್ರ ಬೆಳಕು ಬೇಕು ಅಂತ ಮೇಲೆ ಮೇಲೆ ಬೆಳೆಯುತ್ತಾ ಹೋಗುತ್ತದೆ. ಕೊನೆಗೆ ಗುಡ್ಡ ಕಾಣೆಯಾಗಿ, ಬಳೆಯ ಹಾಗೆ ಹವಳದ ಅಂಚು, ನಡುವೆ ತಿಳಿನೀರಿನ ಕೊಳ ಉಳಿಯುತ್ತದೆ. ಇದನ್ನು ಪರೀಕ್ಷಿಸಲು 1896ರಿಂದ 1898ರ ನಡುವೆ ಲಂಡನ್ನಿನ ರಾಯಲ್ ಸೊಸೈಟಿ ಫುನಾಫುಟಿ ಅನ್ನುವ ದ್ವೀಪದಲ್ಲಿ ಕೊಳವೆ ಕೊರೆಸಿತು. 340 ಮೀಟರ್ ಕೊರೆದರೂ ಹವಳದ ಸುಣ್ಣವೇ, ಜ್ವಾಲಾಮುಖಿಯ ಕಲ್ಲು ಸಿಗಲಿಲ್ಲ. ಐವತ್ತು ವರ್ಷ ಕಳೆದು, 1952ರಲ್ಲಿ, ಎನೆವೆಟಾಕ್ ಅನ್ನುವ ಬೇರೊಂದು ದ್ವೀಪದಲ್ಲಿ 1,200 ಮೀಟರಿಗೂ ಹೆಚ್ಚು ಕೊರೆದ ಮೇಲೆ ಆ ಕಪ್ಪು ಕಲ್ಲು ಸಿಕ್ಕಿತು. ಡಾರ್ವಿನ್ ಹೇಳಿದ್ದು ನಿಜವಾಗಿತ್ತು.

ಆ ಫುನಾಫುಟಿ ಇವತ್ತು ತುವಾಲು ದೇಶದ ರಾಜಧಾನಿ. ಇಡೀ ದೇಶ ಒಂಬತ್ತು ದ್ವೀಪ, ಒಟ್ಟು 26 ಚದರ ಕಿಲೋಮೀಟರ್, ಸುಮಾರು 11 ಸಾವಿರ ಜನ. ಸುತ್ತಲಿನ ಏಳು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚಿನ ಸಮುದ್ರದಲ್ಲಿ ಕೇದರ ಮೀನು, ಅಂದರೆ ಟ್ಯೂನಾ, ಹಿಡಿಯಲು ಬೇರೆ ದೇಶದ ಹಡಗುಗಳು ಕಟ್ಟುವ ಪರವಾನಗಿ ಹಣವೇ ಆ ದೇಶದ ದೊಡ್ಡ ಆದಾಯ. 2021ರಲ್ಲಿ ಅಲ್ಲಿನ ಮಂತ್ರಿ ಸೈಮನ್ ಕೊಫೆ ಸೂಟು ಹಾಕಿಕೊಂಡು, ಮೊಣಕಾಲಿನವರೆಗೆ ಸಮುದ್ರದ ನೀರಲ್ಲಿ ನಿಂತು ಹವಾಮಾನ ಸಮ್ಮೇಳನಕ್ಕೆ ಭಾಷಣ ಕಳಿಸಿದ್ದು ಹಲವರಿಗೆ ನೆನಪಿರಬೇಕು. 2023ರಲ್ಲಿ ಆಸ್ಟ್ರೇಲಿಯಾದ ಜೊತೆ ಒಪ್ಪಂದ ಆಯಿತು. ವರ್ಷಕ್ಕೆ 280 ಜನ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು, ಯಾರು ಅನ್ನುವುದು ಚೀಟಿ ಎತ್ತಿ. 2025ರಲ್ಲಿ ಮೊದಲ ಸಲ ಅರ್ಜಿ ಕರೆದಾಗ ದೇಶದ ಬಹುಪಾಲು ಜನ ಹೆಸರು ಕೊಟ್ಟರು. ಒಂದು ದ್ವೀಪದ ಜನ ಖಂಡಕ್ಕೆ ಹೋಗಲು ಸಾಲು ನಿಂತ ಚಿತ್ರ ಅದು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಹವಳದ ದ್ವೀಪಗಳು ಸುಮ್ನೆ ಮುಳುಗಿಹೋಗುತ್ತಿವೆ ಅನ್ನುವುದು ಪೂರ್ತಿ ಸರಿಯಲ್ಲ. ಪಾಲ್ ಕೆಂಚ್ ಮತ್ತು ಜೊತೆಗಾರರು 1971ರಿಂದ 2014ರ ವರೆಗಿನ ಚಿತ್ರಗಳನ್ನು ಹೋಲಿಸಿ ನೋಡಿದಾಗ ತುವಾಲುವಿನ ಒಟ್ಟು ನೆಲ ಸುಮಾರು ಶೇ. 2.9ರಷ್ಟು ಹೆಚ್ಚೇ ಆಗಿತ್ತು. ಕಾರಣ, ಈ ದ್ವೀಪಗಳಿಗೆ ಜೀವ ಇದೆ. ಸುತ್ತಲಿನ ಹವಳದ ದಿಬ್ಬ ಪುಡಿಯಾಗಿ ಮರಳಾಗುತ್ತದೆ, ಅಲೆ ಆ ಮರಳನ್ನು ತಂದು ದಡಕ್ಕೆ ಸುರಿಯುತ್ತದೆ. ಒಂದು ಕಡೆ ಕೊರೆದರೆ ಇನ್ನೊಂದು ಕಡೆ ತುಂಬುತ್ತದೆ. ಆದರೆ ಇದು ನಡೆಯಬೇಕಾದರೆ ಹವಳ ಬದುಕಿರಬೇಕು. ನೀರು ಬಿಸಿಯಾದರೆ ಹವಳ ಬಿಳಿಚಿಕೊಂಡು ಸಾಯುತ್ತದೆ. 2024ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಹವಳ ಬಿಳಿಚುವಿಕೆ ನಾಲ್ಕನೇ ಸಲ ನಡೆಯುತ್ತಿದೆ ಅಂತ ವಿಜ್ಞಾನಿಗಳು ಘೋಷಿಸಿದರು. ನಮ್ಮ ಲಕ್ಷದ್ವೀಪವೂ ಅದಕ್ಕೆ ಸಿಕ್ಕಿತು. ಇನ್ನೊಂದು ಕಷ್ಟ ಬಾವಿಯದ್ದು. ಮಳೆಯ ಸಿಹಿನೀರು ಮರಳಿನೊಳಗೆ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ದೊಡ್ಡ ಅಲೆ ಒಳಗೆ ನುಗ್ಗಿದರೆ ಆ ಪದರ ಹಾಳು. ನೆಲ ಮುಳುಗುವುದಕ್ಕಿಂತ ಎಷ್ಟೋ ಮೊದಲೇ ಕುಡಿಯುವ ನೀರು ಹೋಗುತ್ತದೆ. ಆಗ ಆ ದ್ವೀಪ ಕಾನೂನಿನ ಮಾತಲ್ಲಿ ‘ವಾಸ ಮಾಡಲಾಗದ ಬಂಡೆ’ ಆಗಿಬಿಡುತ್ತದಾ? ಹಾಗೇನಾದರೂ ಆದರೆ 200 ಮೈಲಿಯ ಹಕ್ಕು? ಮೀನಿನ ಹಣ? ದೇಶ?

ಈ ಭಯಕ್ಕೆ ಸ್ವಲ್ಪವಾದರೂ ಉತ್ತರ ಸಿಕ್ಕಿದ್ದು 2025ರ ಜುಲೈ 23ರಂದು. ಅಂತರರಾಷ್ಟ್ರೀಯ ನ್ಯಾಯಾಲಯ ಅಂದು ಹವಾಮಾನದ ಬಗ್ಗೆ ತನ್ನ ಸಲಹಾ ಅಭಿಪ್ರಾಯ ಕೊಟ್ಟಿತು. ಒಮ್ಮೆ ನಿಯಮದ ಪ್ರಕಾರ ಗುರುತಿಸಿದ ಸಮುದ್ರದ ಗಡಿರೇಖೆಯನ್ನು ನೀರು ಏರಿತು ಅಂತ ಬದಲಿಸಬೇಕಾಗಿಲ್ಲ ಅಂತ ಹೇಳಿತು. ನೆಲ ಹೋದ ಮಾತ್ರಕ್ಕೆ ದೇಶ ಇಲ್ಲವಾಗಲೇಬೇಕು ಅಂತೇನೂ ಇಲ್ಲ ಅನ್ನುವ ಅರ್ಥದ ಮಾತನ್ನೂ ಸೇರಿಸಿತು. ಈ ಕೇಸಿನ ಬೀಜ ಬಿತ್ತಿದವರು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು, 2019ರಲ್ಲಿ. ಹೊತ್ತು ನಡೆಸಿದ್ದು ವನುವಾಟು ಅನ್ನುವ ಪುಟ್ಟ ದೇಶ. ಇದು ಸಲಹೆ ಮಾತ್ರ, ಕಟ್ಟಿಹಾಕುವ ತೀರ್ಪಲ್ಲ ನಿಜ. ಆದರೂ ನನಗೆ ಇದು ದೊಡ್ಡದಾಗಿ ಕಾಣುತ್ತದೆ. ಖಂಡದ ಬುಡ ಇರುವವರು ನೀರಿನಡಿಯ ಕಲ್ಲು ತೋರಿಸಿ ಲಕ್ಷಗಟ್ಟಲೆ ಚದರ ಕಿಲೋಮೀಟರ್ ಪಡೆಯುತ್ತಿರುವಾಗ, ಹಗುರ ಹವಳದ ಮೇಲೆ ಬದುಕುವವರು ಇರುವುದನ್ನೂ ಕಳೆದುಕೊಳ್ಳುವುದು ಅನ್ಯಾಯ. ಅದೂ, ನೀರು ಬಿಸಿಯಾಗಲು ಮುಖ್ಯ ಕಾರಣ ಖಂಡದವರು, ಅಂದರೆ ನಾವೂ ಸೇರಿ, ಸುಟ್ಟ ಕಲ್ಲಿದ್ದಲು ಮತ್ತು ಎಣ್ಣೆ ಆಗಿರುವಾಗ.

ಇದು ನಮಗೆ ದೂರದ ಮಾತೂ ಅಲ್ಲ. ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರ್. 36 ದ್ವೀಪ, ಜನ ಇರುವುದು ಹತ್ತರಲ್ಲಿ. ಎತ್ತರ ಹೆಚ್ಚಿನ ಕಡೆ ಒಂದೆರಡು ಮೀಟರ್. ಆ 32 ಚದರ ಕಿಲೋಮೀಟರಿನಿಂದ ಭಾರತಕ್ಕೆ ಸಿಕ್ಕಿರುವ ಆರ್ಥಿಕ ವಲಯ ಸುಮಾರು 4 ಲಕ್ಷ ಚದರ ಕಿಲೋಮೀಟರ್. ಪರಲಿ-1 ಅನ್ನುವ ಜನರಿಲ್ಲದ ಪುಟ್ಟ ದ್ವೀಪ ಸವೆದು ಕಾಣೆಯಾದ ಸುದ್ದಿ 2017ರಲ್ಲೇ ಬಂತು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ, ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಇರುವ ಅಮಿನ್‌ದೀವಿ ಗುಂಪು ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಕೈಲಿತ್ತು. 1799ರ ನಂತರ ಇಂಗ್ಲಿಷರಿಗೆ ಹೋಗಿ, 1956ರ ನವೆಂಬರ್ 1ರ ವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಅಲ್ಲಿನ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ನಾವು ಏಕೀಕರಣದ ದಿನ ಅಂತ ಆಚರಿಸುವ ದಿನವೇ ಆ ದ್ವೀಪಗಳು ನಮ್ಮ ಜಿಲ್ಲೆಯಿಂದ ಬೇರೆಯಾದ ದಿನ.

ಆ ವ್ಯಾಪಾರ ಇನ್ನೂ ನಿಂತಿಲ್ಲ. ಮಂಗಳೂರಿನ ಹಳೆ ಬಂದರಿಗೆ ಒಂದು ಸಂಜೆ ಹೋಗಿದ್ದೆ. ಲಕ್ಷದ್ವೀಪಕ್ಕೆ ಹೊರಟ ಮಂಜಿ, ಅಂದರೆ ಮರದ ಸರಕು ಹಡಗು, ದಕ್ಕೆಗೆ ತಾಗಿ ನಿಂತಿತ್ತು. ಒಂದು ಬದಿ ಬಾಳೆಗೊನೆ, ತರಕಾರಿ, ಸಿಮೆಂಟ್ ಚೀಲ. ಇನ್ನೊಂದು ಬದಿ ಚೀಲಕ್ಕೆ ತುಂಬಿದ ಮರಳು ಮತ್ತು ಜಲ್ಲಿ. ಜಲ್ಲಿ ಯಾಕೆ ಅಷ್ಟು ದೂರ ಅಂತ ಲೋಡಿಂಗ್ ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಕೇಳಿದೆ. ‘ಅಲ್ಲಿ ಕಲ್ಲು ಎಲ್ಲಿ ಉಂಟು ಸಾರ್? ಒಂದು ಮನೆ ಕಟ್ಟಬೇಕಾದ್ರೂ ಎಲ್ಲ ಇಲ್ಲಿಂದಲೇ ಹೋಗ್ಬೇಕು. ಮಳೆಗಾಲ ಬಂದ್ರೆ ಮಂಜಿ ನಿಲ್ತದೆ, ಅದರ ಮೊದಲು ಮುಗಿಸ್ಬೇಕು’ ಅಂದರು. ಹರಿದ ಚೀಲವೊಂದರಿಂದ ಒಂದಷ್ಟು ಜಲ್ಲಿ ದಕ್ಕೆಯ ಮೇಲೆ ಚೆಲ್ಲಿತ್ತು. ಒಂದು ಚೂರು ಎತ್ತಿ ನೋಡಿದೆ. ಬಿಳಿ ಪಟ್ಟೆ, ಬೂದು ಪಟ್ಟೆ. ಲಾಲ್‌ಬಾಗಿನ ಬಂಡೆಯ ಬಳಗದ್ದೇ ಕಲ್ಲು. ಅವರು ಕೈಚಾಚಿ ಅದನ್ನು ಇಸಿದುಕೊಂಡು ಮತ್ತೆ ಚೀಲಕ್ಕೆ ಹಾಕಿದರು.